ಕೊಳ ತುಂಬಿದ ದಿನ

“ಒಂದೇ ಒಂದು ಮಾತು ಮೇಷ್ಟ್ರೇ. ನೀವು ಹೇಳಿದ್ರೆ ಷೆರಿಫ್ ಕೇಳ್ತಾರೆ” ಎಂದಳು ವರ್ನೀಟಾ.

ಲೋವೆಲ್ ಟೈ ಕಟ್ಟಿಕೊಳ್ಳುತ್ತಿದ್ದ. ಗಂಟು ಮತ್ತೆ ಓರೆಯಾಯಿತು. ಗಾಜಿನಾಚೆ, ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಈಜುಕೊಳವನ್ನು ಅಗ್ನಿಶಾಮಕದವರು ನಿನ್ನೆ ತುಂಬಿಸಿಹೋಗಿದ್ದರು. ನೀರಿನ ಬೆಳಕು ಕಚೇರಿಯ ಚಾವಣಿಯ ಮೇಲೆ ಹೊರಳಾಡುತ್ತಿತ್ತು. ನೋಡುತ್ತಿದ್ದರೆ ಕೋಣೆಯೇ ನೀರಿನಡಿ ಇದೆ ಅನ್ನಿಸುತ್ತಿತ್ತು.

“ಹೇಳ್ತೀನಿ” ಎಂದ.

ವರ್ನೀಟಾ ಅವನ ಹಳೆಯ ವಿದ್ಯಾರ್ಥಿನಿ. ಈಗ ಅವನ ಸಂಸ್ಥೆಯಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಅವಳ ತಮ್ಮ ಕ್ಲೀವನ್ ಹೆದ್ದಾರಿಯ ಪಕ್ಕದಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾನೆ. ಹರಾಜಿನಲ್ಲಿ ಹಳೆಯ ಟ್ರಕ್ಕು ಕೊಳ್ಳಲು ಕೂಡಿಟ್ಟ ಹಣ ಹಿಡಿದು ಹೊರಟವನನ್ನು ಷೆರಿಫನ ಪೊಲೀಸರು ತಡೆದರು. ಅವರ ಪತ್ತೆದಾರಿ ನಾಯಿ ನೋಟಿನ ಕಟ್ಟು ಮೂಸಿ ಬೊಗಳಿತು. ಮಾದಕವಸ್ತುವಿನ ದುಡ್ಡೆಂದು ಜಪ್ತಿಯಾಯಿತು. ಕ್ಲೀವನ್ ಮೇಲೆ ಯಾವ ಮೊಕದ್ದಮೆಯೂ ಇಲ್ಲ. ಅಲ್ಲಿಯ ಕಾನೂನಿನಂತೆ ಮೊಕದ್ದಮೆ ಹಣದ ಮೇಲೆಯೇ. ಬಿಡಿಸಿಕೊಳ್ಳಲು ವಕೀಲ ಕೇಳಿದ ಶುಲ್ಕ, ಹೋದ ಹಣಕ್ಕಿಂತ ಹೆಚ್ಚು.

ಹೀಗೆ ಜಪ್ತಿಯಾದದ್ದೆಲ್ಲ ಸೇರುವ ನಿಧಿಯಿಂದ ಷೆರಿಫ್ ವರ್ಷಕ್ಕೊಮ್ಮೆ ಊರಿನ ಸೇವಾಸಂಸ್ಥೆಗಳಿಗೆ ಅನುದಾನ ಕೊಡುತ್ತಾನೆ. ಈ ವರ್ಷ ಲೋವೆಲ್‌ನ ಸಂಸ್ಥೆಯ ಈಜುಕೊಳಕ್ಕೆ; ಚೆಕ್ಕು ಕೊಡುವುದು ಇವತ್ತು. ನೀರಿಗಿಳಿದ ಮಕ್ಕಳು ಮಾದಕವಸ್ತುಗಳಿಂದ ದೂರ ಉಳಿಯುತ್ತಾರೆ ಎಂದು ಲೋವೆಲ್ ಅರ್ಜಿಯಲ್ಲಿ ಬರೆದಿದ್ದ. ಬರೆಯುವಾಗ ನಗು ಬಂದಿತ್ತು. ಅವನಿಗೇ ಈಜು ಬರುತ್ತಿರಲಿಲ್ಲ.

“ನೋಟುಗಳ ವಿಷಯ ನೀವೇ ಹೇಳಿದ್ರಲ್ಲ, ಅದನ್ನೇ ಹೇಳಿ ಸಾಕು.”

ಹೇಳಿದ್ದ. ರಸಾಯನಶಾಸ್ತ್ರ ಕಲಿಸಿದವನು. ಕೈಯಿಂದ ಕೈಗೆ ಹೋಗುವ ಬಹುಪಾಲು ನೋಟುಗಳ ಮೇಲೆ ಕೊಕೇನ್ ಪುಡಿಯ ಕಣಗಳಿರುತ್ತವೆ. ಪಾದ್ರಿಯ ಕಿಸೆಯ ನೋಟಿನ ಮೇಲೂ ಇರುತ್ತವೆ. ಸರಳ ವಿಷಯ. ಒಂದು ವಾಕ್ಯ ಸಾಕು.

ಕಾರಿನಲ್ಲಿ ಆ ವಾಕ್ಯವನ್ನು ಹೇಳಿ ನೋಡಿಕೊಂಡ. ಚೆನ್ನಾಗಿಯೇ ಬಂತು. ಜೂನ್ ತಿಂಗಳ ಸೆಕೆಗೆ ರಸ್ತೆ ಮುಂದೆ ಮುಂದೆ ಕರಗುತ್ತಿತ್ತು. ಬಿಸಿಲುಗುದುರೆಯಲ್ಲಿ ಪೈನ್ ಮರಗಳು ತಲೆಕೆಳಗಾಗಿ ನಿಂತಂತೆ ಕಂಡವು.

ಷೆರಿಫ್ ಕಿಂಬ್ರೋನ ಸಭಾಂಗಣದಲ್ಲಿ ಫೋಟೋಗೆಂದು ಮಾಡಿಸಿದ, ಬಾಗಿಲಿನಷ್ಟು ಉದ್ದದ ರಟ್ಟಿನ ಚೆಕ್ಕು ಕಾದಿತ್ತು. ಷೆರಿಫ್ ಒಂದು ತುದಿ ಹಿಡಿದ, ಲೋವೆಲ್ ಇನ್ನೊಂದು. ರಟ್ಟು ಹಗುರವಾಗಿತ್ತು. ಅಷ್ಟು ಹಗುರವಾಗಿದ್ದದ್ದು ಅವನಿಗೆ ಯಾಕೋ ಹೆದರಿಕೆ ತಂದಿತು.

“ಕಳ್ಳರ ದುಡ್ಡಲ್ಲಿ ನಮ್ಮ ಮಕ್ಕಳು ಈಜ್ತಾರೆ! ಇದಕ್ಕಿಂತ ನ್ಯಾಯ ಬೇಕಾ?” ಎಂದ ಷೆರಿಫ್. ಎಲ್ಲರೂ ನಕ್ಕರು.

“ಷೆರಿಫ್, ಒಂದು ವಿಷಯ...”

“ಹೇಳಿ ಮೇಷ್ಟ್ರೇ.”

ಷೆರಿಫನ ಕಣ್ಣುಗಳಲ್ಲಿ ನಿಜಕ್ಕೂ ಸ್ನೇಹವಿತ್ತು. ಒಬ್ಬ ಫೋನ್ ಎತ್ತಿ ಹಿಡಿದಿದ್ದ. ಕೊಳಕ್ಕೆ ಸಾಲದ ಮೇಲೆ ಪಂಪು ಕೂರಿಸಿದವನು, ಶುಕ್ರವಾರದೊಳಗೆ ದುಡ್ಡು ಬಾರದಿದ್ದರೆ ಕಿತ್ತೊಯ್ಯುತ್ತೇನೆಂದದ್ದು ನೆನಪಾಯಿತು. ವಾಕ್ಯ ಗಂಟಲವರೆಗೆ ಬಂತು. ನೀರಿನೊಳಗಿನ ಗುಳ್ಳೆಯಂತೆ ಅಲ್ಲೇ ನಡುಗಿತು, ಒಡೆಯಿತು.

“ನೋಟು...”

“ನೋಟಾ? ಚೆಕ್ ಸಾಲದಾ ನಿಮಗೆ?” ಷೆರಿಫ್ ಭುಜ ತಟ್ಟಿದ. ಮತ್ತೆ ನಗು. ಲೋವೆಲ್ ಕೂಡ ನಕ್ಕ. ಆ ನಗು ಕೋಣೆಯ ಇನ್ಯಾವುದೋ ಮೂಲೆಯಿಂದ ಕೇಳಿಸಿತು.

“ಏನಿಲ್ಲ ಬಿಡಿ. ಮಧ್ಯಾಹ್ನ ಕೊಳದ ಹತ್ರ ಬನ್ನಿ ಅಂತ.”

“ಕೆಲಸ ಇದೆ. ಇನ್ನೊಂದು ದಿನ.”

ಅವನು ಮರಳಿದಾಗ ಕೊಳದಲ್ಲಿ ಮಕ್ಕಳ ಗಲಾಟೆ. ವರ್ನೀಟಾ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು.

“ಹೇಳಿದ್ರಾ?”

“ಹೇಳಿದೆ.”

“ಏನಂದ್ರು?”

“ನೋಡ್ತೀನಿ ಅಂದ್ರು.”

ಅವಳು ಮುಖದ ನೀರು ಒರೆಸಿಕೊಂಡಳು. ಮತ್ತೂ ಒರೆಸಿಕೊಂಡಳು.

“ಅವರ ಕಚೇರಿಯವರು ವಿಡಿಯೊ ಹಾಕಿದಾರೆ” ಎಂದಳು. “ಕ್ಲೀವನ್ ಕಳಿಸಿದ್ದ. ಮಾತೆಲ್ಲ ಚೆನ್ನಾಗಿ ಕೇಳಿಸುತ್ತೆ.”

ಲೋವೆಲ್ ಬೂಟಿನ ತುದಿ ನೋಡಿಕೊಂಡ. ಅಷ್ಟರಲ್ಲಿ ಮಕ್ಕಳು ಶುರುಮಾಡಿದ್ದರು.

“ಮೇಷ್ಟ್ರಿಗೆ ಈಜು ಬರಲ್ಲ! ಮೇಷ್ಟ್ರು ಹೆದರುಪುಕ್ಕಲ!”

“ಬನ್ನಿ ಮೇಷ್ಟ್ರೇ” ಎಂದಳು ವರ್ನೀಟಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಇವತ್ತು ತೇಲಿಸ್ತೀನಿ ನಿಮ್ಮನ್ನ.”

ಬೇಡವೆನ್ನಲು ಕಾರಣ ಸಿಗಲಿಲ್ಲ. ಬೂಟು ಬಿಚ್ಚಿ, ಟೈ ಬಿಚ್ಚಿ, ಅಂಗಿ ಪ್ಯಾಂಟಿನಲ್ಲೇ ಇಳಿದ. ನೀರು ತಣ್ಣಗೆ ಸೊಂಟ ಹಿಡಿಯಿತು. ದೇಹದ ತೂಕ, ಪಕ್ಕಕ್ಕೆ ಸರಿದ ನೀರಿನ ತೂಕ; ಲೆಕ್ಕ ಅವನಿಗೆ ಬಾಯಿಪಾಠ. ಕೈ ಮಾತ್ರ ಅಂಚಿನ ಕಂಬಿಯನ್ನು ಬಿಡಲಿಲ್ಲ.

“ಹಿಂದಕ್ಕೆ ಒರಗಿ. ಬೆನ್ನಿಗೆ ಕೈ ಕೊಟ್ಟಿದೀನಿ. ಮೈ ಬಿಡಿ.”

ಒರಗಿದ. ಬೆನ್ನಡಿಯಲ್ಲಿ ಅಂಗೈ ಇತ್ತು. ಕಿವಿಗಳು ಮುಳುಗಿದವು, ಮಕ್ಕಳ ಕೂಗು ಬೇರೆ ಯಾವುದೋ ಊರಿಗೆ ಹೊರಟುಹೋಯಿತು. ಮೇಲೆ ಬೆಳಕು, ಬೆಳಕಿನಲ್ಲಿ ಅವಳ ಮುಖ.

“ಹಿಡ್ಕೊಂಡಿದೀಯಾ?”

ಅವಳ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ಬೆನ್ನಿನ ಕೆಳಗೆ ತಣ್ಣಗಿರುವುದು ಅವಳ ಅಂಗೈಯೋ, ಬರಿಯ ನೀರೋ ತಿಳಿಯಲಿಲ್ಲ. ಕಾಲಿಳಿಸಿ ನೆಲ ಇದೆಯೇ ಎಂದು ನೋಡಲು ಧೈರ್ಯ ಬರಲಿಲ್ಲ. ಅವಳ ಮುಖ ನಿಧಾನವಾಗಿ ನೋಟದ ಅಂಚಿಗೆ ಸರಿಯಿತು. ಕಣ್ಣಿನ ತುಂಬ ಬರಿಯ ಬೆಳಕು ಉಳಿಯಿತು. ಲೋವೆಲ್ ಕೈಗಳನ್ನು ಅಗಲಕ್ಕೆ ಚಾಚಿಕೊಂಡು, ಉಸಿರು ಬಿಗಿಹಿಡಿದು, ಕೊಳದ ಆಳದ ಕಡೆಗೆ ತೇಲುತ್ತ ಹೋದ.