ನಾಲ್ಕನೇ ಹಾಡಿನ ‘ಟಕ್’

ಆಲ್ಬಂ ಹೊರಬಿದ್ದು ಎರಡು ದಿನವಾಗಿತ್ತು. ಆ ಎರಡು ದಿನವೂ ಸದ್ದಪ್ಪ ಮನೆಯಲ್ಲಿದ್ದಷ್ಟು ಹೊತ್ತು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ್ದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದ ಮೇಲೆ, ಸ್ಕ್ರೂಡ್ರೈವರಿನ ತುದಿಯನ್ನು ಮಷಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಅದರ ಕಾಯಿಲೆ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಸದ್ದಪ್ಪನಾದ. ಆ ಸದ್ದುಗಳನ್ನೇ ಹಿಡಿದು ತಂದು, ಕಂಪ್ಯೂಟರಿನಲ್ಲಿ ತಿರುಚಿ, ಮೇಲೆ ತನ್ನ ಒಡಕು ಗಂಟಲನ್ನೂ ಸೇರಿಸಿ ಆರು ಹಾಡು ಕಟ್ಟಿದ್ದ. ಹಾಡು ಅನ್ನುವುದು ಅವನ ಮಾತು. ಕತ್ತಲೆ, ಕಬ್ಬಿಣ, ಕಿರುಚಾಟ ತುಂಬಿದ ಈ ಜಾತಿಯ ಸಂಗೀತಕ್ಕೂ ಎಲ್ಲೆಲ್ಲೋ ಕೇಳುಗರಿದ್ದಾರೆ. ಅವರದೇ ಒಂದು ವೆಬ್‌ಸೈಟ್ ಇದೆ, ಅಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದಾರೆ. ‘ಎರಡನೇ ಪಾಳಿ’ ಎಂಬ ಇವನ ಆಲ್ಬಂ ಅಲ್ಲಿಗೆ ಹೋಗಿ ಬಿದ್ದಿತ್ತು.

ಅವತ್ತು ವಾರದ ರಜೆ. ಸದ್ದಪ್ಪ ಮಂಚದ ತುದಿಯಲ್ಲಿ ಕೂತು ನಿಮಿಷಕ್ಕೊಂದು ಸಲ ಫೋನು ಉಜ್ಜುತ್ತಿದ್ದ. ಅರ್ಜೆಂಟ್ ಆರ್ಡರ್ ಇದೆಯೆಂದು ಅಕ್ಕ ಮಾತ್ರ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದಳು. ಅದೇ ಕಾರ್ಖಾನೆಯಲ್ಲಿ ಪಂಚಿಂಗ್ ಮಷಿನ್ ಅವಳದು. ತೆರೆದ ತಟ್ಟೆಗಳ ನಡುವೆ ಕೈಯಿಂದ ರಟ್ಟು ಇಡಬೇಕು, ಪೆಡಲ್ ಒತ್ತಿದರೆ ತಟ್ಟೆ ‘ಧಡ್’ ಎಂದು ಮುಚ್ಚಿ ಡಬ್ಬಿಯ ಆಕಾರ ಕತ್ತರಿಸುತ್ತದೆ, ಮತ್ತೆ ತೆರೆದಾಗ ಅದನ್ನು ತೆಗೆದು ಇನ್ನೊಂದು ಇಡಬೇಕು. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ತಮ್ಮನಿಗೆ ಮೈಕು ಕೊಡಿಸಿದ್ದೂ ಅವಳೇ. ಆಲ್ಬಂ ಹೇಗಿದೆ ಅಂದರೆ ಮಾತ್ರ ಎರಡು ದಿನದಿಂದ “ಕೇಳ್ತೀನಿ ಬಿಡೋ” ಎಂದು ಜಾರಿಕೊಳ್ಳುತ್ತಿದ್ದಳು. ಅದೇ ಅವನನ್ನು ಕೊರೆಯುತ್ತಿತ್ತು.

ವೆಬ್‌ಸೈಟಿನವರು ಮಾತ್ರ ಧಾರಾಳವಾಗಿ ಹೇಳುತ್ತಿದ್ದರು. ‘ನಮ್ಮನೆ ಮಿಕ್ಸಿ ಇದಕ್ಕಿಂತ ಶ್ರುತಿಯಲ್ಲಿರುತ್ತೆ’ ಎಂದೊಬ್ಬ. ‘ಗಾಯಕರು ಗಂಟಲಿಗೆ ಔಷಧಿ ತಗೊಳ್ಳಲಿ’ ಎಂದು ಇನ್ನೊಬ್ಬಳು. ‘ಎರಡನೇ ಹಾಡು ಎಳೆದಿದ್ದಾರೆ, ಐದನೇದು ಬೇಕಿರಲಿಲ್ಲ’ ಎಂದು ಎಲ್ಲವನ್ನೂ ತಿಳಿದ ಮಹಾಶಯನೊಬ್ಬ. ಆದರೆ ನಾಲ್ಕನೇ ಹಾಡಿನ ವಿಷಯಕ್ಕೆ ಬಂದರೆ ಜಗಳಗಂಟರೂ ಒಂದಾಗಿದ್ದರು. ‘ಆ ಧಡ್ ಆದಮೇಲೆ ಒಂದು ಸಣ್ಣ ಟಕ್ ಬರುತ್ತಲ್ಲ, ಯಾರೋ ಹಿಂದೆ ಬಂದು ನಿಂತ ಹಾಗಾಗುತ್ತೆ. ಹೇಗೆ ಹೊಳೀತು ಮಾರಾಯ?’ ಇದನ್ನು ಸದ್ದಪ್ಪ ಹನ್ನೊಂದು ಸಲ ಓದಿದ. ಹನ್ನೊಂದು ಸಲವೂ ಹಾಲು ಕುಡಿದಷ್ಟು ಸಂತೋಷವಾಯಿತು.

ಹನ್ನೆರಡನೇ ಸಲಕ್ಕೆ ಅದರ ಕೆಳಗೆ ಹೊಸದೊಂದು ಬಂದಿತ್ತು. ಬರೆದವನ ಗುರುತು ‘ಹಳೇ ಫಿಟ್ಟರ್’ ಎಂದಷ್ಟೇ.

‘ನಂಗೆ ಈ ಸಂಗೀತ ಗೊತ್ತಾಗಲ್ಲ, ಮಗಳು ಕೇಳಿಸಿದಳು. ಆ ಟಕ್ ನಂಗೆ ಗೊತ್ತು. ಕ್ಲಚ್ ಪಿನ್ ಸವೆದಿದೆ, ಪೆಡಲ್ ಬಿಟ್ಟರೂ ಅದು ಸುತ್ತೋ ಚಕ್ರಾನ ಪೂರ್ತಿ ಬಿಡ್ತಿಲ್ಲ. ಒಂದಲ್ಲ ಒಂದು ದಿನ ತಟ್ಟೆ ತಾನಾಗೇ ಇನ್ನೊಂದು ಸಲ ಮುಚ್ಚುತ್ತೆ. ನನ್ನ ಮೂರು ಬೆರಳು ಹಾಗೇ ಹೋಗಿದ್ದು. ಆ ಮಷಿನ್ ಇನ್ನೂ ಓಡ್ತಿದ್ದರೆ ನಿಲ್ಲಿಸಿ.’

ಸದ್ದಪ್ಪನಿಗೆ ಮೊದಲು ಬಂದದ್ದು ಕೋಪ. ‘ಇದು ಸಂಗೀತ ಸ್ವಾಮಿ, ರಿಪೇರಿ ಅಂಗಡಿ ಅಲ್ಲ’ ಎಂದು ಟೈಪ್ ಮಾಡಿದ. ಕಳಿಸುವ ಮೊದಲೇ ಹೆಬ್ಬೆರಳು ನಿಂತಿತು.

ಯಾಕೆಂದರೆ ಅವನಿಗೆ ಗೊತ್ತಿತ್ತು. ಮೂರು ವಾರದ ಹಿಂದೆಯೇ ಅಕ್ಕನ ಮಷಿನ್ನಿನ ಕ್ಲಚ್ಚಿನ ಮುಚ್ಚಳ ಬಿಚ್ಚಿ ಪಿನ್ನಿನ ಅಂಚು ಸವೆದದ್ದನ್ನು ಕಣ್ಣಾರೆ ನೋಡಿದ್ದ. ಹೊಸ ಪಿನ್ನು ತರಿಸಿ ತನ್ನ ಡ್ರಾಯರಿನಲ್ಲಿ ಇಟ್ಟಿದ್ದ. ಬದಲಿಸಿದರೆ ಸದ್ದು ಹೋಗುತ್ತದೆ, ಇವತ್ತೊಂದು ದಿನ ಮೈಕಿನಲ್ಲಿ ಹಿಡಿದುಕೊಂಡುಬಿಡೋಣ, ನಾಳೆ ಹಾಕಿದರಾಯಿತು ಅಂದುಕೊಂಡಿದ್ದ. ಆಮೇಲೆ ಹೆಡ್‌ಫೋನಿನಲ್ಲಿ ಆ ಟಕ್ಕನ್ನು ಸಾವಿರ ಸಲ ಕೇಳಿದ, ತೀಡಿದ, ದೊಡ್ಡದು ಮಾಡಿದ. ಕೊನೆಕೊನೆಗೆ ಮಷಿನ್ ಪಕ್ಕ ಹಾದುಹೋಗುವಾಗ ಕಿವಿಗೆ ಬಿದ್ದರೆ ಅದು ದೋಷವಾಗಿ ಕೇಳಿಸುತ್ತಲೇ ಇರಲಿಲ್ಲ. ತನ್ನ ಹಾಡು ಕೇಳಿಸುತ್ತಿತ್ತು, ಅದಕ್ಕೆ ತಲೆದೂಗಿಕೊಂಡು ಹೋಗುತ್ತಿದ್ದ. ಇಂಥ ತಪ್ಪು ಬೇರೆ ಫಿಟ್ಟರ್ ಮಾಡಲಾರ. ಅದಕ್ಕೆ ಸದ್ದಪ್ಪನೇ ಬೇಕು.

ಅಕ್ಕನಿಗೆ ಫೋನ್ ಮಾಡಿದ. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಗೇಟಿನ ಪೆಟ್ಟಿಗೆಯಲ್ಲಿರುತ್ತದೆ. ರಿಂಗಾಗಿ ರಿಂಗಾಗಿ ನಿಂತಿತು. ಕಾರ್ಖಾನೆಯ ಫೋನು ಎತ್ತುವವರಿಲ್ಲ. ಚಪ್ಪಲಿ ಮೆಟ್ಟಿದನೋ ಇಲ್ಲವೋ, ಸೈಕಲ್ ಹತ್ತಿದ. ಸಿಗ್ನಲ್ಲಿನಲ್ಲಿ ಬೈಸಿಕೊಂಡ, ತಿರುವಿನಲ್ಲಿ ತರಕಾರಿ ಗಾಡಿಗೆ ತಾಗಿಸಿ ಹಿಂತಿರುಗಿಯೂ ನೋಡಲಿಲ್ಲ. ಅಕ್ಕನ ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು. ದೇವರೇ, ಇನ್ನೈದು ನಿಮಿಷ ಎಂದು ಬೇಡಿಕೊಂಡ.

ಶೆಡ್ಡಿನ ಬಾಗಿಲಿಗೆ ಬರುವಾಗಲೇ ಕೇಳಿಸಿತು. ಧಡ್, ಟಕ್. ಧಡ್, ಟಕ್.

“ಅಕ್ಕಾ, ಕೈ ತೆಗಿ! ಕೈ ತೆಗಿ!”

ಅಕ್ಕ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಸದ್ದಪ್ಪ ಹಾರಿ ಸ್ವಿಚ್ ಆರಿಸಿದ. ಕರೆಂಟು ಹೋದರೂ ಪಕ್ಕದ ದೊಡ್ಡ ಚಕ್ರ ಓಟದ ಮೇಲೆ ಸುತ್ತುತ್ತಲೇ ಇತ್ತು. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ತಟ್ಟೆ ತೆರೆಯಿತು, ಒಂದು ಗಳಿಗೆ ನಿಂತಿತು, ಮತ್ತೆ ಧಡ್ಡೆಂದು ಮುಚ್ಚಿಕೊಂಡಿತು.

ಆರ್ಡರ್ ನಿಂತುಹೋಗುತ್ತೆ ಅಂತ ಕೂಗಲು ಬಂದ ಮೇಸ್ತ್ರಿಯೂ ಅದನ್ನು ನೋಡಿ ಹಿಂದೆ ಸರಿದ. ಸದ್ದಪ್ಪ ಡ್ರಾಯರಿನಿಂದ ಪಿನ್ನು ತಂದು, ಚಕ್ರ ಪೂರ್ತಿ ನಿಂತ ಮೇಲೆ ಕೆಲಸಕ್ಕೆ ಕೂತ. ಸ್ಪ್ಯಾನರ್ ಎರಡು ಸಲ ಜಾರಿ ಬಿತ್ತು. ಅಕ್ಕ ಪಕ್ಕದಲ್ಲಿ ರಟ್ಟಿನ ಕಟ್ಟಿನ ಮೇಲೆ ಕೂತಳು.

“ನಿನ್ನ ಹಾಡು ಕೇಳ್ದೆ ಕಣೋ. ಮೊದಲನೇ ದಿನಾನೇ ಕೇಳ್ದೆ.”

ಅವನು ಹಳೇ ಪಿನ್ನು ಹೊರಗೆಳೆದ.

“ನಾಲ್ಕನೇದು ಪೂರ್ತಿ ಕೇಳಕ್ಕಾಗಲಿಲ್ಲ. ಹಾಸಿಗೆ ಮೇಲೆ ಕೂತಿದ್ದೀನಿ, ಆ ಟಕ್ ಬಂದಾಗೆಲ್ಲ ಕೈ ತಾನಾಗೇ ಹಿಂದಕ್ಕೆ ಬರ್ತಿತ್ತು. ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.”

“ಮಷಿನ್ ಹತ್ರ ಭಯ ಆಗಲಿಲ್ವಾ ನಿಂಗೆ?”

“ಆಗ್ತಿತ್ತು. ಆದ್ರೆ ಅದನ್ನ ಅಷ್ಟು ಚೆನ್ನಾಗಿ ಕೇಳಿಸ್ಕೊಂಡಿದ್ದೀಯಲ್ಲ, ಏನಾದ್ರೂ ಇದ್ದಿದ್ರೆ ನೀನೇ ಸರಿ ಮಾಡಿರ್ತಿದ್ದೆ ಅಂತ ಧೈರ್ಯವಾಗಿ ಕೈ ಹಾಕ್ದೆ.”

ಸದ್ದಪ್ಪ ಸ್ಪ್ಯಾನರ್ ಕೆಳಗಿಟ್ಟ. “ನಂಗೆ ಗೊತ್ತಿತ್ತಕ್ಕಾ,” ಅಂದ. “ಮೂರು ವಾರದಿಂದ ಗೊತ್ತಿತ್ತು. ಸದ್ದು ಬೇಕಾಗಿತ್ತು.”

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವನು ಮುಚ್ಚಳ ಬಿಗಿದು, ಮಷಿನ್ ಹಾಕಿ, ಖಾಲಿಯಾಗೇ ಇಪ್ಪತ್ತು ಸಲ ಓಡಿಸಿದ. ಪೆಡಲ್ ಬಿಟ್ಟ ಕೂಡಲೇ ತಟ್ಟೆ ತೆರೆದು ನಿಲ್ಲುತ್ತಿತ್ತು. ಟಕ್ ಇರಲಿಲ್ಲ.

“ಆಯ್ತಕ್ಕಾ. ಇನ್ನೇನೂ ತೊಂದ್ರೆ ಇಲ್ಲ.”

ಅವಳು ಎದ್ದು ಒಂದು ರಟ್ಟು ತೆಗೆದು ಅವನ ಕೈಗೆ ಕೊಟ್ಟಳು.

“ನೀನೇ ಇಡು.”

ಸದ್ದಪ್ಪ ಮಷಿನ್ ಎದುರು ನಿಂತ. ಹೊಸ ಪಿನ್ನು, ತಾನೇ ಕೂರಿಸಿದ್ದು, ತಾನೇ ಪರೀಕ್ಷೆ ಮಾಡಿದ್ದು. ತಟ್ಟೆ ತೆರೆದುಕೊಂಡು ಕಾಯುತ್ತಿತ್ತು. ರಟ್ಟು ಹಿಡಿದ ಕೈ ಅರ್ಧದವರೆಗೆ ಹೋಗಿ ನಿಂತಿತು, ಮುಂದೆ ಹೋಗಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತು ಆ ಕೈಯನ್ನೇ ನೋಡುತ್ತಿದ್ದಳು.