ಸಾಹೇಬರ ಬಹುಶಃ

ಬಾಳೂರಿನ ಎಸ್ಟೇಟಿಗೆ ಕಾಫಿ ಕೊಳ್ಳಲು ಬಂದಿದ್ದ ಇಂಗ್ಲೆಂಡಿನ ಸಾಹೇಬ ಚಮಚದಿಂದ ಸೊರ್ರನೆ ಹೀರಿ, "ಚೆನ್ನಾಗಿದೆ ಅಂತ ನನಗನ್ನಿಸುತ್ತೆ, ಬಹುಶಃ. ನನ್ನ ಎಣಿಕೆ ತಪ್ಪೂ ಇರಬಹುದು," ಎಂದು ಇಂಗ್ಲಿಷಿನಲ್ಲಿ ಹೇಳಿದ. ಕಾಫಿಯ ರುಚಿ ನೋಡುವ ಕೆಲಸ ಕಲಿತು ಬಂದಿದ್ದ ಅರ್ಚನಾಳ ಎದೆ ಧಸಕ್ಕೆಂದಿತು. ಈ ಕಡೆ ಯಾರಾದರೂ 'ನೋಡುವಾ' ಅಂದರೆ ಆಗುವುದಿಲ್ಲ ಅಂತಲೇ ಅರ್ಥ. ಇವನದು ಅದಕ್ಕಿಂತ ಕಡೆ. ಹದಿನೈದು ದಿನ ಕಣದಲ್ಲಿ ನಿಂತು ಆ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿಸಿದ್ದ, ಎಸ್ಟೇಟಿನ ಮೇಸ್ತ್ರಿಯಾದ ತನ್ನ ಅಪ್ಪ ಕೆಂಚಯ್ಯನಿಗೆ ಏನೆಂದು ಹೇಳುವುದು?

ಮಧ್ಯಾಹ್ನ ಕಡುಬು, ಕೋಳಿಸಾರು. ಸಾಹೇಬ ಎರಡು ತಿಂದ, ಮೂರು ತಿಂದ, ಐದನೆಯದಕ್ಕೂ ತಟ್ಟೆ ಒಡ್ಡಿ, "ಇದು ನನಗೆ ಸ್ವಲ್ಪ ಹಿಡಿಸಿದೆ ಅನ್ನಿಸುತ್ತೆ, ಬಹುಶಃ," ಎಂದ.

ಅರ್ಚನಾಳಿಗೆ ಹೋದ ಜೀವ ಬಂದಂತಾಯಿತು. ಬೆಳಿಗ್ಗೆಯೇ ನೆಟ್ಟಗೆ ಹೇಳಿದ್ದರೆ ಈ ಪುಣ್ಯಾತ್ಮನ ಗಂಟೇನು ಹೋಗುತ್ತಿತ್ತು?

ಕಡುಬು ಬಡಿಸಿ ಅಡುಗೆಮನೆಗೆ ಬಂದ ಕೆಂಚಯ್ಯ ಪಿಸುಗುಟ್ಟಿದ: "ಕಾಫಿಗೆ ಎಂತ ಅಂದ್ರು ಮಾರಾಯ್ತಿ?"

"ಬಹುಶಃ ಚೆನ್ನಾಗಿದೆ ಅಂದ್ರು."

ಅಪ್ಪನ ಮುಖ ಇಳಿಯಿತು. "ಬಹುಶಃನಾ?"

"ಹೂಂ ಅಪ್ಪ," ಅರ್ಚನಾ ನಕ್ಕಳು, "ಐದು ಕಡುಬಿನ ಬಹುಶಃ."