ತಲೆದಿಂಬಿನ ಅನ್ನ

ನಮ್ಮಣ್ಣ ಸೊಹೇಯಿ ತೀರಿಕೊಂಡ ಬೆಳಿಗ್ಗೆ, ಅವನ ತಲೆದಿಂಬಿನ ಬಳಿ ಇಡುವ ಅನ್ನವನ್ನು ಅತ್ತಿಗೆ ಪ್ರೆಷರ್ ಕುಕ್ಕರಿನಲ್ಲಿ ಮಾಡಿದಳು. ನಮ್ಮೂರು ಕತ್ಸುಉರಾದ ಮುದುಕಿಯರಿಗೆ ಆಡಿಕೊಳ್ಳಲು ಅಷ್ಟು ಸಾಕಾಯಿತು.

ನಮ್ಮ ಕಡೆ ಸತ್ತವರು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ಶಿಕಿಮಿ ಗಿಡದ ಒಂದು ಟೊಂಗೆ ಹಿಡಿದು ಮೊದಲು ಮ್ಯೋಹೊ ಬೆಟ್ಟ ಹತ್ತಬೇಕು. ಅಲ್ಲಿನ ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಬೇಕು. ಅದಕ್ಕೆ ಅವರಿಗೆ ಸಿಗುವುದು ಮನೆಯಲ್ಲಿ ಆ ಅನ್ನ ಬೇಯುವಷ್ಟು ಹೊತ್ತು ಮಾತ್ರ. ಅದಕ್ಕೇ ನಮ್ಮ ಅಜ್ಜಿಯರು ಸೌದೆ ಹಿಂದಕ್ಕೆ ಎಳೆದೆಳೆದು ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದರು. ಅತ್ತಿಗೆ, ನೆಂಟರು ಬಂದುಬಿಡುತ್ತಾರೆಂದು ಗ್ಯಾಸ್ ದೊಡ್ಡದು ಮಾಡಿ, ಮುಖ ತೊಳೆಯುವಷ್ಟರಲ್ಲಿ ಮುಗಿಸಿದ್ದಳು.

ಅದೂ ಯಾರಿಗೆ? ನಮ್ಮಣ್ಣನಿಗೆ! ಅವನು ಬೂಟಿನ ದಾರ ಕಟ್ಟಿ ಏಳುವುದರೊಳಗೆ ಬಸ್ಸು ಹೋಗಿರುತ್ತಿತ್ತು. ಮರ ಕಡಿಯುವ ಕೆಲಸದಲ್ಲಿ ಮಂಡಿ ಪೆಟ್ಟು ತಿಂದ ಮೇಲಂತೂ ಕೇಳುವುದೇ ಬೇಡ. 'ಒಂಚೂರು ತಡಿ' ಎಂದರೆ ನಮ್ಮ ಮನೆಯಲ್ಲಿ ಅಣ್ಣ ಎಂದೇ ಅರ್ಥ. ಅತ್ತಿಗೆ ತಮಾಯೊ ಅದಕ್ಕೆ ತದ್ವಿರುದ್ಧ. ಮೀನಿನ ಮಾರುಕಟ್ಟೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಮೀನು ಹಚ್ಚುತ್ತಿದ್ದವಳು. ಅದಕ್ಕೇ ನಮ್ಮಿಬ್ಬರ ನಡುವೆ ಇವತ್ತಿಗೂ ಏಕವಚನ. ನಾನೊಂದು ಮೀನು ಮುಗಿಸುವಾಗ ಅವಳದು ಮೂರಾಗಿರುತ್ತಿತ್ತು. ಬದುಕಿದ್ದಷ್ಟು ದಿನವೂ ಅಣ್ಣನನ್ನು 'ಬೇಗ, ಬೇಗ' ಎಂದು ಅಟ್ಟಿಸಿಕೊಂಡೇ ಹೋದಳು.

ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಅತ್ತಿಗೆ ಹೇಳಿದಳು. "ನಿಮ್ಮಣ್ಣ ತಲುಪಿಲ್ಲ ಕಣೇ ಮಿಸಾವೊ."

"ಹಾಗಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆ ಮಂಡೀಲಿ, ಅಷ್ಟು ಹೊತ್ತಲ್ಲಿ, ಬೆಟ್ಟದ ಬುಡಕ್ಕೂ ಹೋಗಿರಲ್ಲ. ಎಲ್ಲೋ ದಾರೀಲಿ ಕೂತಿದ್ದಾರೆ."

"ಸರಿ, ನಾವೇ ಹೋಗಿ ಗಂಟೆ ಬಾರಿಸಿ ಬರೋಣ."

"ಅವರ ಗಂಟೆ ನಾನ್ಯಾಕೆ ಬಾರಿಸ್ಲಿ? ಅವರಿಗೆ ಬೇಕಾಗಿದ್ದು ಟೈಮು. ಅದನ್ನ ಕೊಡ್ತೀನಿ."

ಯುನೊಮಿನೆಗೆ ಹೋಗಿ ಮತ್ತೆ ಅನ್ನ ಮಾಡುವುದು ಅವಳ ಯೋಚನೆ. ಅಲ್ಲಿ ಊರಿನ ನಡುವೆ, ಬಿಸಿನೀರಿನ ಬುಗ್ಗೆಯಲ್ಲೇ ಜನ ಮೊಟ್ಟೆ, ಗೆಣಸು ಬೇಯಿಸಿಕೊಳ್ಳುತ್ತಾರೆ. ಆ ಬುಗ್ಗೆಗೆ ಉರಿ ಹೆಚ್ಚು ಮಾಡುವ ಗುಂಡಿಯಿಲ್ಲ, ಅವಳಂಥವಳಿಗೂ ಅವಸರ ಮಾಡಲಾಗದು. ಆದರೆ ಅಣ್ಣನಿಗೆ ಮುಂಚಿತವಾಗಿ ತಿಳಿಸಬೇಕಲ್ಲ? ಅದಕ್ಕೆ ಬಸ್ಸು ಬೇಡ, ಒಗುಮೊತೊರಿ ಬೆಟ್ಟದಾರಿಯಲ್ಲಿ ನಡೆದೇ ಹೋಗಬೇಕು. ಆ ದಾರಿಯಲ್ಲಿ ಸತ್ತವರು ಎದುರಾಗುತ್ತಾರೆ. ತೀರಿಹೋದ ತಾಯಿ ಎದುರಿಂದ ಬಂದು ಮಾತಾಡದೆ ದಾಟಿಹೋದಳು ಎನ್ನುವವರು ನಮ್ಮ ಓಣಿಯಲ್ಲೇ ಇದ್ದಾರೆ. ನನಗೆ ಅದರಲ್ಲಿ ಅರ್ಧ ನಂಬಿಕೆ. ಮಿಕ್ಕರ್ಧ ನನ್ನ ಸೊಂಟನೋವಿಗೆ ಬಿಟ್ಟದ್ದು.

ನಾಚಿಯ ಜಲಪಾತಕ್ಕೆ ಕೈಮುಗಿದು ಹೊರಟೆವು. ಬೆನ್ನಮೇಲೆ ಅಕ್ಕಿ, ಮುಚ್ಚಳದ ಪಾತ್ರೆ, ಅಣ್ಣನ ಬಟ್ಟಲು, ಉಪ್ಪು ಹಾಕಿದ ಸಾಸಿವೆ ಸೊಪ್ಪಿನಲ್ಲಿ ಸುತ್ತಿದ ಅನ್ನದ ಉಂಡೆಗಳು. ಅತ್ತಿಗೆಯ ಕೈಯಲ್ಲಿ ಶಿಕಿಮಿ ಟೊಂಗೆ, ತುಟಿಗೆ ಬಣ್ಣ!

"ಸತ್ತೋರನ್ನ ನೋಡೋಕೆ ಹೋಗ್ತಿದ್ದೀಯೋ, ನಿನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಿದ್ದಾರೋ?"

"ಬಾಯಿ ಮುಚ್ಕೊಂಡು ಹತ್ತು."

ಪಾಚಿ ಹಿಡಿದ ಕಲ್ಲುಮೆಟ್ಟಿಲುಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಬೆಟ್ಟದಾರಿಯ ನೆತ್ತಿ ತಲುಪುವಾಗ ಸೀಡರ್ ಮರಗಳ ನಡುವೆ ಮಂಜು ಇಳಿದಿತ್ತು. ಪುಟ್ಟ ಜಿಜೊ ದೇವರ ಕಲ್ಲಿನ ಬಳಿ ಉಂಡೆ ಬಿಚ್ಚಿದ್ದೆವಷ್ಟೆ. ಆಚೆ ಬದಿಯ ಇಳಿಜಾರಿನಿಂದ ಹೆಜ್ಜೆಯ ಸದ್ದು. ಒಂದು ಹೆಜ್ಜೆ ಗಟ್ಟಿ, ಒಂದು ಎಳೆದದ್ದು. ಮತ್ತೆ ಒಂದು ಗಟ್ಟಿ, ಒಂದು ಎಳೆದದ್ದು.

ಅತ್ತಿಗೆ ಎದ್ದುನಿಂತಳು. ಕೈಯಲ್ಲಿದ್ದ ಉಂಡೆ ಉರುಳಿಹೋಯಿತು. ಎರಡೂ ಕೈಗಳಿಂದ ಕೂದಲು ಸರಿಮಾಡಿಕೊಂಡಳು. ನಾನೂ ಅಣ್ಣನೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಮಂಜಿನಿಂದ ಹೊರಬಂದವನು ಕಾಲು ಉಳುಕಿಸಿಕೊಂಡ ಒಬ್ಬ ವಿದೇಶಿ ಹುಡುಗ. ನಮಸ್ಕರಿಸಿ, ಏದುಸಿರು ಬಿಡುತ್ತಾ ನಾಚಿ ಇನ್ನೆಷ್ಟು ದೂರವೆಂದು ಕೇಳಿದ. ನಾನು ದಾರಿ ತೋರಿಸಿದೆ. ಅತ್ತಿಗೆ ತನ್ನ ಪಾಲಿನ ಉಳಿದ ಉಂಡೆಗಳನ್ನೆಲ್ಲ ಅವನ ಕೈಗೆ ತುರುಕಿದಳು. ಅವನು ಕಾಣದಾದ ಮೇಲೂ ಆ ಕಡೆಯೇ ನೋಡುತ್ತಾ ನಿಂತಿದ್ದಳು.

ಆಮೇಲೆ ಟೊಂಗೆಯನ್ನು ಜಿಜೊ ಮುಂದಿಟ್ಟು, ಖಾಲಿ ಮಂಜಿನತ್ತ ತಿರುಗಿ, ಮಾರುಕಟ್ಟೆಯಲ್ಲಿ ಹರಾಜು ಕೂಗುವ ದನಿಯಲ್ಲಿ ಕೂಗಿದಳು.

"ಕೇಳಿಸ್ತಾ ಇದ್ಯಾ? ನಾಡಿದ್ದು ಬೆಳಿಗ್ಗೆ ಅನ್ನಕ್ಕಿಡ್ತೀನಿ! ಯುನೊಮಿನೇಲಿ! ಟೊಂಗೆ ಇಲ್ಲಿದೆ, ತಗೊಂಡು ಹೋಗಿ! ಅವಸರ ಏನಿಲ್ಲ! ದಾರೀಲಿ ಕೂತ್ಕೊಂಡು ಹೋಗಿ!"

ಅವಸರವಿಲ್ಲ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಣ್ಣ ಕೇಳಬೇಕಿತ್ತು ಅನ್ನಿಸಿ ಅಳು ಬಂತು. ಮೂಗು ಒರೆಸಿಕೊಂಡು, "ಇಷ್ಟು ಕೂಗಿದ್ರೆ ಬೇರೆಯವರ ಗಂಡಂದಿರೂ ಎದ್ದು ಹೊರಡ್ತಾರೆ" ಎಂದೆ. ಅವಳು ಚೀಲ ಬೆನ್ನಿಗೇರಿಸಿಕೊಂಡಳು.

ಆ ರಾತ್ರಿ ಕೊಗುಚಿ ಎಂಬ ಹಳ್ಳಿಯಲ್ಲಿ ಉಳಿದು, ಮರುದಿನ ಇನ್ನೊಂದು ಚಿಕ್ಕ ಬೆಟ್ಟ ದಾಟಿ, ಹೊಂಗೂ ದೇಗುಲಕ್ಕೆ ತಲೆಬಾಗಿ, ಗಂಧಕದ ವಾಸನೆ ಮೂಗಿಗೆ ಬಡಿದಾಗ ಯುನೊಮಿನೆಗೆ ಬಂದೆವೆಂದು ತಿಳಿಯಿತು. ಸಂಜೆ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತೆವು. ಮದುವೆಯಾದ ಹೊಸದರಲ್ಲಿ ಅಣ್ಣ ಅವಳನ್ನು ಇಲ್ಲಿಗೇ ಕರೆತಂದಿದ್ದ. ಗಂಡಸರ ಕಡೆಯ ಸ್ನಾನದಿಂದ ಅವನು ಹೊರಗೆ ಬರುವುದನ್ನು ಕಾದೂ ಕಾದೂ ಅವಳಿಗೆ ಶೀತವಾಗಿತ್ತಂತೆ.

"ಎಷ್ಟು ಬೈದಿದ್ದೆ ಗೊತ್ತಾ ಅವತ್ತು" ಎಂದಳು. "ಈಗ ಹೊರಗೆ ನಿಂತ್ಕೊಂಡು ಕಾಯೋಣ ಅಂದ್ರೂ ಬರೋರಿಲ್ಲ." ಆಮೇಲೆ ನೀರಿನೊಳಕ್ಕೆ ಮುಖ ಮುಳುಗಿಸಿದಳು. ನಾನು ಬೇರೆ ಕಡೆ ನೋಡಿದೆ.

ಬೆಳಿಗ್ಗೆ ಅಕ್ಕಿ ತೊಳೆದು, ಪಾತ್ರೆಯನ್ನು ಬಲೆಚೀಲದಲ್ಲಿ ಕಟ್ಟಿ ಬುಗ್ಗೆಗೆ ಇಳಿಬಿಟ್ಟಳು. ಪಕ್ಕದಲ್ಲಿ ಮೊಟ್ಟೆ ಇಳಿಸಿದವರು ತಿಂದು ಹೋದರು. ಗೆಣಸು ಇಳಿಸಿದವರೂ ಹೋದರು. ಬಿಸಿಲು ಮರದ ಕಟ್ಟೆಯನ್ನು ದಾಟಿ ನಮ್ಮ ಕಾಲಿನವರೆಗೆ ಬಂತು. ಅವಳು ಹಗ್ಗ ಹಿಡಿದು ಕುಳಿತೇ ಇದ್ದಳು.

"ಎತ್ತಿ ನೋಡೋಣ್ವಾ?" ಎಂದೆ.

"ಒಂಚೂರು ತಡಿ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಆಮೇಲೆ ಗೊತ್ತಾಯಿತು. "ಇದು ಬೆಂದ್ಬಿಟ್ರೆ ಅವರು ಹೋಗ್ಬಿಡ್ತಾರೆ ಕಣೇ" ಎಂದಳು. "ಇಷ್ಟು ದಿನ ದಾರೀಲಾದ್ರೂ ಇದ್ರು."

ನಾನು ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಪಾತ್ರೆ ಎತ್ತಿ, ಮುಚ್ಚಳ ಸರಿಸಿ, ಒಂದು ಅಗುಳು ಹಿಚುಕಿದೆ. ಅದು ಯಾವಾಗಲೋ ಬೆಂದು ಮುದ್ದೆಯಾಗಿತ್ತು.

"ಇನ್ನೂ ಗಟ್ಟಿ ಇದೆ ಅತ್ತಿಗೆ" ಎಂದು ಮತ್ತೆ ಇಳಿಬಿಟ್ಟೆ.

ಅವಳು ನನ್ನ ಬೆರಳಿಗೆ ಅಂಟಿದ್ದ ಗಂಜಿಯನ್ನು ನೋಡಿದಳು. ನನ್ನ ಭುಜಕ್ಕೆ ಒರಗಿ ಕುಳಿತಳು. ಅಣ್ಣನಿಗೆ ಬೆಟ್ಟ ಹತ್ತಿ, ದಣಿವಾರಿಸಿಕೊಂಡು, ಬೂಟಿನ ದಾರ ಎರಡು ಸಲ ಕಟ್ಟಿಕೊಳ್ಳುವಷ್ಟು ಹೊತ್ತು ನಾವು ಹಾಗೆಯೇ ಇದ್ದೆವು.

ಕೊನೆಗೆ ಪಾತ್ರೆಯನ್ನು ಮೇಲೆತ್ತಿದವಳು ಅವಳೇ. "ಸಾಕು. ಇನ್ನೂ ತಡೆದ್ರೆ, ಕರೀತಾಳೇನೋ ಅಂತ ಗಂಟೆ ಹತ್ರಾನೇ ನಿಂತಿರ್ತಾರೆ."

ಅಣ್ಣನ ಬಟ್ಟಲಿಗೆ ಅನ್ನ ಗೋಪುರವಾಗಿ ತುಂಬಿ ನಡುವೆ ಊಟದ ಕಡ್ಡಿ ನೆಟ್ಟಗೆ ನಿಲ್ಲಿಸಬೇಕು, ಅದು ಪದ್ಧತಿ. ಆದರೆ ಅನ್ನ ಎಷ್ಟು ಬೆಂದಿತ್ತೆಂದರೆ ಕಡ್ಡಿ ನಿಲ್ಲಲೇ ಇಲ್ಲ. ನಿಲ್ಲಿಸಿದಾಗೆಲ್ಲ ವಾಲಿತು. ಅತ್ತಿಗೆ ಎರಡು ಬೆರಳಿನಲ್ಲಿ ಅದನ್ನು ನೆಟ್ಟಗೆ ಹಿಡಿದು ಕುಳಿತಳು. ಅನ್ನ ಪೂರ್ತಿ ತಣ್ಣಗಾಗುವ ತನಕ ಕೈ ತೆಗೆಯಲಿಲ್ಲ.